ಅತಿವೇಗದ ರೈಲಿನ ಪ್ರಸ್ಥಾನ

ತೇಲಸಂಗ ಅಸೋಸಿಯೇಟ್ಸ್ ಎಂಬ ಸಂಸ್ಥೆ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಲಾರಿ ಬುಕಿಂಗ್ ಆಫೀಸಾಗಿ ಹುಟ್ಟಿತು. ಅದರ ಮಾಲಕ ಹರಿಶ್ಚಂದ್ರ ತೇಲಸಂಗ ಅಥಣಿ ಕಡೆಯವನು. ಮುಂಬಯಿಗೆ ಎಕ್ಸ್‌ಪ್ರೆಸ್‌ವೇ ಆಗುವ ಕಾಲಕ್ಕೆ ಟೋಲ್ ನಾಕೆಗಳ ಸಲುವಾಗಿ ವಾಹನ ಎಣಿಸಿಕೊಡುವ ಕೆಲಸ ಅವನಿಗೆ ಸಿಕ್ಕಿತು. ಸ್ವಂತ ಲಾರಿ ಓಡಿಸುವುದಕ್ಕಿಂತ ಬೇರೆಯವರ ಲಾರಿ ಎಣಿಸುವುದು ಎಷ್ಟೋ ಸುಖದ ಉದ್ಯೋಗ ಎಂಬುದು ಆಗ ಹೊಳೆಯಿತು. ಲಾರಿಗಳನ್ನು ಮಾರಿದ, ಸಾತಾರಾ ರಸ್ತೆಯಲ್ಲಿ ಗಾಜಿನ ಬಾಗಿಲಿನ ಆಫೀಸು ಮಾಡಿದ, ಬಾಗಿಲ ಮೇಲೆ ‘ಸಾರಿಗೆ ಸಲಹೆಗಾರರು’ ಎಂದು ಬರೆಸಿದ. ಸಲಹೆ ಕೊಡಲು ವಿಜ್ಞಾನ ಓದಿದ ಮನುಷ್ಯ ಬೇಕಾಯಿತು. ಬಿಂದುಮಾಧವ ಇನಾಮದಾರರನ್ನು ತಂದು ಕೂಡಿಸಿದ.

ಇನಾಮದಾರರು ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿ, ಪುಣೆಗೆ ಬಂದು, ಧನಕವಡಿಯ ಒಂದು ಕಾಲೇಜಿನಲ್ಲಿ ಬಹಳ ವರ್ಷ ಪಾಠ ಹೇಳಿದವರು. ಅವರಿಗೆ ಒಂದು ಹುಚ್ಚಿತ್ತು. ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುವ ರೈಲು. ಅದರ ಹಳಿ ತಿರುವಿನಲ್ಲಿ ಎಷ್ಟು ಓರೆಯಾಗಿರಬೇಕು, ಸುರಂಗದೊಳಗೆ ನುಗ್ಗಿದಾಗ ಕಿವಿ ಯಾಕೆ ಮುಚ್ಚಿಕೊಳ್ಳುತ್ತದೆ, ಬ್ರೇಕು ಹಾಕಿದ ಮೇಲೆ ನಿಲ್ಲಲು ಎಷ್ಟು ದೂರ ಬೇಕು, ಎಲ್ಲವನ್ನೂ ಬಲ್ಲರು. ಡೆಕ್ಕನ್ ಕ್ವೀನ್‌ನಲ್ಲಿ ಮುಂಬಯಿಗೆ ಹೋಗುವಾಗ ಘಟ್ಟದಲ್ಲಿ ರೈಲು ಏದುಸಿರು ಬಿಡತೊಡಗಿದರೆ, ಪಕ್ಕದವರಿಗೆ ಜಪಾನಿನ ಕಥೆ ಶುರುವಾಗುತ್ತಿತ್ತು. ಪಕ್ಕದವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಿವೃತ್ತಿಯ ಮೊದಲು ಒಮ್ಮೆ, ಒಂದೇ ಒಂದು ಸಲ, ಅಂಥ ರೈಲಿನಲ್ಲಿ ಕೂತು ಬರಬೇಕು. ಅವರಿಗೆ ಜೀವನದಲ್ಲಿ ಬೇರೆ ಆಸೆ ಉಳಿದಿರಲಿಲ್ಲ.

“ಜಪಾನ ಆಮ್ಯಾಲ ನೋಡೂಣಂತ, ಮೊದಲು ಗಿರಣಿಗೆ ಹೋಗಿ ಗೋಧಿ ಬೀಸಿಸ್ಕೊಂಡು ಬರ್ರಿ,” ಎನ್ನುತ್ತಿದ್ದಳು ಹೆಂಡತಿ ಮಾಧುರಿ.

೨೦೦೮ರಲ್ಲಿ ಆ ಆಸೆಗೆ ಕಾಲು ಬಂತು. ಪುಣೆಯಿಂದ ಮುಂಬಯಿ ಮೇಲೆ ಹಾಯ್ದು ಅಹಮದಾಬಾದಿಗೆ ಅತಿವೇಗದ ರೈಲು ಬೇಕೋ ಬೇಡವೋ ಎಂದು ವಿಚಾರ ಮಾಡಲು ಒಂದು ಸಮಿತಿ ಆಯಿತು. ವಿಮಾನ, ಮೋಟಾರು, ಈ ಹೊಸ ರೈಲು, ಮೂರರಲ್ಲಿ ದೂರದ ಪ್ರಯಾಣಕ್ಕೆ ಯಾವುದು ಮೇಲು ಎಂಬ ತೌಲನಿಕ ವರದಿಯ ಕೆಲಸ ತೇಲಸಂಗನಿಗೆ ಬಂತು. ವರದಿ ಒಪ್ಪಿಗೆಯಾದ ಮೇಲೆ ಸಮಿತಿ ಜಪಾನಿಗೆ ಅಭ್ಯಾಸ ಪ್ರವಾಸ ಹೋಗುವುದಿತ್ತು. ಜೊತೆಗೆ ಸಲಹೆಗಾರರ ಕಡೆಯಿಂದ ಇಬ್ಬರು.

“ಒಂದು ಸೀಟು ನಂದು, ಅದು ಬಿಡ್ರಿ,” ಎಂದ ತೇಲಸಂಗ. “ಇನ್ನೊಂದು, ಸಮಿತಿ ಮುಂದ ವರದಿ ಓದಾಂವಂದು. ರೈಲು ಗೆದ್ರ ನೀವ ಓದ್ರಿ ಇನಾಮದಾರ ಸರ.”

“ಗೆಲ್ಲದಿದ್ರ?”

“ಗೆಲ್ಲದಿದ್ರ ಜಪಾನಕ್ಕ ಯಾಕ ಹೋಗೂದ್ರಿ? ವಿಮಾನ ನೋಡಾಕ ನಮ್ಮ ಲೋಹಗಾಂವ್ ಏರ್‌ಪೋರ್ಟ್ ಸಾಕು.”

ತರ್ಕ ಸರಿಯಾಗಿಯೇ ಇತ್ತು.

ಟೈಮ್‌ಟೇಬಲ್ ನೋಡಿ ವರದಿ ಬರೆದುಬಿಡಬಹುದಿತ್ತು. ಬಹಳ ಜನ ಹಾಗೆಯೇ ಬರೆಯುತ್ತಾರೆ. ಇನಾಮದಾರರಿಗೆ ಅದು ಒಗ್ಗಲಿಲ್ಲ. ಟೈಮ್‌ಟೇಬಲ್ ಹೇಳುವುದು ನಿಲ್ದಾಣದಿಂದ ನಿಲ್ದಾಣಕ್ಕೆ. ಮನುಷ್ಯರು ನಿಲ್ದಾಣದಲ್ಲಿ ಹುಟ್ಟುವುದಿಲ್ಲ, ನಿಲ್ದಾಣದಲ್ಲಿ ಸಂಸಾರ ಮಾಡುವುದಿಲ್ಲ. ಮನೆಯ ಬಾಗಿಲಿನಿಂದ ಹೋದ ಊರಿನಲ್ಲಿ ತಂಗುವ ಕೋಣೆಯ ಬಾಗಿಲಿನವರೆಗೆ ಅಳೆಯಬೇಕು, ನಿಜವಾಗಿ ಪ್ರಯಾಣ ಮಾಡಿ ಅಳೆಯಬೇಕು ಎಂದು ಹಟ ಹಿಡಿದರು. ಅದಕ್ಕೆ ಒಂದು ಬುಧವಾರ ನಿಗದಿಯಾಯಿತು. ಆಫೀಸಿನ ಪ್ರಾಚಿ ವಿಮಾನದಲ್ಲಿ ಅಹಮದಾಬಾದಿಗೆ ಹೋಗುವುದು. ಗೋಕಾಕಿನ ಹುಡುಗ, ಈಗ ಮೂವತ್ತು ದಾಟಿದ ಎಂಜಿನಿಯರ್ ಚನ್ನವೀರ, ತನ್ನ ಕಾರಿನಲ್ಲಿ ಹೋಗುವುದು. ಮೂರನೆಯ ಪ್ರಯಾಣಿಕರು ಇನಾಮದಾರರೇ. ಮೂವರೂ ಧನಕವಡಿಯಲ್ಲೇ ಇರುವವರಾದ್ದರಿಂದ ಯಾರಿಗೂ ಹೆಚ್ಚುಕಡಿಮೆ ಇಲ್ಲ. ತೊಡಕು ಒಂದೇ, ಮೂರನೆಯ ಪ್ರಯಾಣಕ್ಕೆ ರೈಲು ಇರಲಿಲ್ಲ.

ಅದಕ್ಕೂ ಇನಾಮದಾರರು ಒಂದು ದಾರಿ ಕಂಡುಕೊಂಡರು. ನಕ್ಷೆಯಲ್ಲಿ ನಿಲ್ದಾಣವಂತೂ ಇದೆ. ಮನೆಯಿಂದ ಅಲ್ಲಿಯವರೆಗೆ ಬ್ಯಾಗು ಹಿಡಿದು ನಿಜವಾಗಿ ಹೋಗುವುದು. ಅಲ್ಲಿಂದ ಮುಂದಿನ ರೈಲಿನ ಓಟ ಲೆಕ್ಕದ ಮೇಲೆ. ಅಹಮದಾಬಾದಿನ ನಿಲ್ದಾಣದ ಜಾಗದಿಂದ ತಂಗುವ ಅತಿಥಿಗೃಹದವರೆಗಿನ ದಾರಿಯನ್ನು ಮರುದಿನ ಚನ್ನವೀರ ಓಡಿಸಿ ನೋಡಿ ಹೇಳುವುದು.

ನಕ್ಷೆಯಲ್ಲಿನ ಆ ನಿಲ್ದಾಣದ ಬಗ್ಗೆ ಒಂದು ಮಾತು. ಮೊದಲ ನಕ್ಷೆಯಲ್ಲಿ ಅದು ಊರ ನಡುವೆ ಶಿವಾಜಿನಗರದಲ್ಲಿತ್ತು. ಎರಡನೆಯದರಲ್ಲಿ ಊರ ಹೊರಗೆ ಬಂತು. ಮೂರನೆಯದರಲ್ಲಿ ದಿವೆ ಘಟ್ಟ ಹತ್ತಿ, ಆಚೆ ಇಳಿದು, ಸಾಸವಡದ ಹತ್ತಿರ ಒಂದು ಸೀತಾಫಲದ ತೋಟದಲ್ಲಿ ಕೂತುಕೊಂಡಿತು. ಅತಿವೇಗದ ರೈಲು ಇನ್ನೂ ಒಂದು ಅಡಿ ಓಡಿರದಿದ್ದರೂ ಅದರ ನಿಲ್ದಾಣ ಒಳ್ಳೆಯ ವೇಗದಲ್ಲಿ ಓಡಿತ್ತು. “ಊರಾಗ ಜಾಗಾ ಎಲ್ಲೈತ್ರಿ?” ಎನ್ನುತ್ತಿದ್ದ ತೇಲಸಂಗ. ತೋಟ ಅವನ ಹೆಂಡತಿಯ ತಮ್ಮನದು ಎಂಬುದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಯಾರೂ ಮಾತಾಡುತ್ತಿರಲಿಲ್ಲ.

ಪ್ರಯೋಗದ ನಿಯಮ ಬರೆಯಲು ಕೂತಾಗ ಚನ್ನವೀರ ಹುಮ್ಮಸ್ಸಿನಲ್ಲಿದ್ದ.

“ನಂದೇನ್ರಿ ಸರ, ಹಿಂದಿನ ದಿನಾನ ಸಾಮಾನು ಡಿಕ್ಕಿಯೊಳಗ ಒಗದಿರ್ತೀನಿ. ಮುಂಜಾನೆ ಚಹಾ ಕುಡದು ಕೀಲಿ ತಿರುವೂದಷ್ಟ.”

“ಹಂಗಂದ್ರ ಹಿಂದಿನ ದಿನಾನ ಹೊಂಟಂಗಾತು,” ಎಂದರು ಇನಾಮದಾರರು.

“ನಾ ಮನ್ಯಾಗ ಮಲಗಿರ್ತೀನಲ್ರಿ!”

“ನೀ ಮಲಗಿರು. ಸಾಮಾನು ಹೊಂಟದಲ್ಲ? ಸಾಮಾನು ಹೊರಿಸೂದು, ಏರಿಸೂದು, ಇದೂ ಪ್ರಯಾಣದ ಕೆಲಸಾನ. ಅದನ್ನ ಬಿಟ್ಟು ಲೆಕ್ಕಾ ಮಾಡಿದ್ರ ಕಾರಿಗೆ ಪುಕ್ಕಟೆ ಲಾಭ.”

ಹೀಗೆ ಮೊದಲನೆಯ ನಿಯಮ ಹುಟ್ಟಿತು: ‘ಪ್ರಯಾಣಿಕನ ಸಾಮಾನು ಮನೆಯ ಹೊಸ್ತಿಲು ದಾಟಿದ ಗಳಿಗೆಯಿಂದ ಪ್ರಯಾಣ ಆರಂಭವಾಯಿತೆಂದೂ, ಅದೇ ಸಾಮಾನು ತಂಗುವ ಕೋಣೆಯ ಹೊಸ್ತಿಲು ದಾಟಿದಾಗ ಮುಗಿಯಿತೆಂದೂ ತಿಳಿಯತಕ್ಕದ್ದು.’

ಪ್ರಾಚಿ ಓದಿ ನೋಡಿ ಮರಾಠಿಯಲ್ಲಿ ಕೇಳಿದಳು: “ಅಂದರೆ ವಿಮಾನದಿಂದ ಇಳಿದ ಮೇಲೆ ಬೆಲ್ಟಿನ ಮುಂದೆ ಬ್ಯಾಗಿಗಾಗಿ ಕಾಯ್ದದ್ದೂ ನನ್ನ ಲೆಕ್ಕಕ್ಕೇ?”

“ಹೌದು, ಅದೂ ಸೇರಿ.”

“ಸರ್, ಈ ನಿಯಮ ಬರೆಯುವಾಗ ನೀವು ನಗುತ್ತಿದ್ದಿರಿ.”

ನಕ್ಕದ್ದು ನಿಜ. ಒಂದೇ ಕಲ್ಲಿಗೆ ಕಾರೂ ಬಿತ್ತು, ವಿಮಾನವೂ ಬಿತ್ತು. ಇಷ್ಟು ಚೊಕ್ಕ ವ್ಯಾಖ್ಯೆ ಬರೆದು ಬಹಳ ವರ್ಷವಾಗಿತ್ತು.

ಸೋಮವಾರ ಮಧ್ಯಾಹ್ನ ಇನಾಮದಾರರ ತಾಯಿ ರಂಗೂಬಾಯಿ ಪಂಚಾಂಗ ತೆಗೆದರು. ಎಂಬತ್ತು ದಾಟಿದ ಜೀವ, ಕಣ್ಣು ಮಂಜು, ಆದರೆ ಪಂಚಾಂಗದ ಸಣ್ಣ ಅಕ್ಷರ ಮಾತ್ರ ಕಾಣುತ್ತಿತ್ತು.

“ಬಿಂದ್ಯಾ, ಅಹಮದಾಬಾದ ಯಾವ ದಿಕ್ಕಿಗೆ?”

“ಉತ್ತರಕ್ಕ.”

“ಬುಧವಾರ ಉತ್ತರಕ್ಕ ಶೂಲ ಅದ. ಹೋಗಬಾರದು.”

“ಅವ್ವಾ, ನಾ ಉತ್ತರಕ್ಕ ಹೋಗಾಂವಲ್ಲ. ಸಾಸವಡಕ್ಕ ಹೋಗ್ತೀನಿ. ಅದು ಆಗ್ನೇಯ.”

“ಉತ್ತರದ ಊರಿಗೆ ಹೋಗಾಂವ ಆಗ್ನೇಯಕ್ಕ ಯಾಕ ಹೋಗ್ತೀ?”

“ಅಲ್ಲೇ ರೈಲು ಹತ್ತೂದದ.”

“ಸಾಸವಡಕ್ಕ ರೈಲು ಬಂತ?”

“ಇಲ್ಲ, ಇನ್ನೂ ಬಂದಿಲ್ಲ.”

ರಂಗೂಬಾಯಿ ಮಗನ ಮುಖ ನೋಡಿದರು. “ಹಂಗಾದ್ರ ಪ್ರಸ್ಥಾನ ಇಡಲಿಕ್ಕೇ ಬೇಕು,” ಎಂದು ಪಂಚಾಂಗ ಮುಚ್ಚಿದರು.

ಪ್ರಸ್ಥಾನ ಇಡುವುದು ಇನಾಮದಾರರ ಮನೆಯಲ್ಲಿ ಮೂರು ತಲೆಮಾರಿನ ಪದ್ಧತಿ. ಹೊರಡುವ ದಿನ ಒಳ್ಳೆಯದಲ್ಲವಾದರೆ, ಅದಕ್ಕೆ ಮುಂಚೆ ಒಂದು ಒಳ್ಳೆಯ ಗಳಿಗೆ ನೋಡಿ, ಪ್ರಯಾಣಿಕನ ಸಾಮಾನನ್ನು ನೆರೆಮನೆಯಲ್ಲಿ ಇಟ್ಟು ಬರುವುದು. ಸಾಮಾನು ಹೋಯಿತೆಂದರೆ ಮನುಷ್ಯ ಹೋದಂತೆಯೇ. ಆಮೇಲೆ ಅವನು ಯಾವ ಕೆಟ್ಟ ವೇಳೆಯಲ್ಲಿ ಎದ್ದು ಹೋದರೂ ದೋಷವಿಲ್ಲ. ಯಾಕೆಂದರೆ ಅವನು ಆಗಲೇ ಹೊರಟುಬಿಟ್ಟಿದ್ದಾನೆ. ಇನಾಮದಾರರು ಎಂ.ಎಸ್ಸಿ. ಪರೀಕ್ಷೆಗೆ ಹೋದದ್ದು ಪ್ರಸ್ಥಾನ ಇಟ್ಟು, ಕೆಲಸದ ಸಂದರ್ಶನಕ್ಕೆ ಹೋದದ್ದು ಪ್ರಸ್ಥಾನ ಇಟ್ಟು. ಬೇರೆಯವರು ಬಾಗಿಲು ಹಾಕಿ ಚಿಲಕ ಎಳೆದು ನೋಡುತ್ತಾರಲ್ಲ, ಅವರಿಗೆ ಅದು ಹಾಗೆ. ಅದರ ಬಗ್ಗೆ ನಂಬಿಕೆಯೂ ಇರಲಿಲ್ಲ, ಅಪನಂಬಿಕೆಯೂ ಇರಲಿಲ್ಲ. ಒಟ್ಟಿನಲ್ಲಿ ವಿಚಾರವೇ ಇರಲಿಲ್ಲ.

ತಾಯಿಗೆ ಮೊಣಕಾಲು ನೋವು. ಆದ್ದರಿಂದ ಸಂಜೆ ಗಳಿಗೆಗೆ ಸರಿಯಾಗಿ ಇನಾಮದಾರರೇ ಬ್ಯಾಗು ಹೊತ್ತರು. ಒಳಗೆ ಎರಡು ಅಂಗಿ, ಟವೆಲ್ಲು, ಅವ್ವ ಕಟ್ಟಿಕೊಟ್ಟ ಅಕ್ಕಿ, ಅಡಿಕೆ, ಅರಿಶಿನದ ಕೊಂಬು. ಕೆಳಗಿನ ಮನೆಯ ಕೃಷ್ಣಾಜಿ ಸಹಕಾರಿ ಸೊಸೈಟಿಯ ನೌಕರಿಯಿಂದ ನಿವೃತ್ತರಾದವರು. ಇಂಥ ಬ್ಯಾಗುಗಳನ್ನು ಎಷ್ಟೋ ಸಲ ಇರಿಸಿಕೊಂಡಿದ್ದಾರೆ. ದೇವರ ಗೂಡಿನ ಕೆಳಗೆ ಜಾಗ ಮಾಡಿಕೊಟ್ಟು, “ಈ ಸಲ ಎಲ್ಲಿಗೆ?” ಎಂದು ಮರಾಠಿಯಲ್ಲಿ ಕೇಳಿದರು. ಎಲ್ಲಿಗೆಂದು ವಿವರಿಸಲು ಹೋಗಿ ಇನಾಮದಾರರು ಅಲ್ಲಿಯೇ ಎರಡು ಕಪ್ಪು ಚಹಾ ಕುಡಿಯಬೇಕಾಯಿತು.

ಬುಧವಾರ ಬೆಳಗಾಯಿತು. ಪ್ರಾಚಿ ರಿಕ್ಷಾ ಹತ್ತಿ ಇಡೀ ಊರು ದಾಟಿ ಲೋಹಗಾಂವ್ ಮುಟ್ಟಿದಳು. ಅಲ್ಲಿ ಚೀಲ ತಪಾಸಣೆ, ಚಪ್ಪಲಿ ತಪಾಸಣೆ, ಸಾಲು. ವಿಮಾನದಲ್ಲಿ ಕೂತ ಮೇಲೆ ವಿಮಾನ ಏಳಲಿಲ್ಲ. ಎದ್ದ ಮೇಲೆ ಇಳಿಯಲಿಲ್ಲ. ಅಹಮದಾಬಾದಿನ ಮೇಲೆ ಗಿರಕಿ ಹೊಡೆಯಿತು. ಇಳಿದ ಮೇಲೆ ಬೆಲ್ಟಿನ ಮೇಲೆ ಎಲ್ಲರ ಬ್ಯಾಗುಗಳೂ ಬಂದವು, ಅವಳದು ಕೊನೆಗೆ ಬಂತು.

ಚನ್ನವೀರ ಎಕ್ಸ್‌ಪ್ರೆಸ್‌ವೇ ಮೇಲೆ ಹಾರಿದ. ಖಂಡಾಳೆಯಿಂದ ಆಫೀಸಿಗೆ ಫೋನು ಮಾಡಿ, “ನಾ ರಾಜಾ ಅದೀನ್ರಿ ಇಲ್ಲಿ!” ಎಂದು ಕೂಗಿದ. ಮುಂಬಯಿ ದಾಟುವ ಹೊತ್ತಿಗೆ ಅವನ ರಾಜ್ಯ ಹೋಯಿತು. ಸಮುದ್ರದ ಖಾಡಿಯ ಮೇಲಿನ ಸೇತುವೆಯ ಮುಂದೆ ಟ್ರಕ್ಕುಗಳ ನಡುವೆ ಸಿಕ್ಕಿಕೊಂಡು, ಕಡಲೆಕಾಯಿ ಮಾರುವವನು ಮೂರು ಸಲ ಹಾಯ್ದುಹೋಗುವುದನ್ನು ನೋಡಿದ. ವಾಪಿಯ ಹತ್ತಿರ ಪಂಕ್ಚರ್ ಆಯಿತು. ಅತಿಥಿಗೃಹ ಮುಟ್ಟಿದಾಗ ದೀಪ ಹಚ್ಚಿದ್ದರು.

ಇನಾಮದಾರರು ಕೃಷ್ಣಾಜಿಯ ಮನೆಯಿಂದ ಬ್ಯಾಗು ತೆಗೆದುಕೊಂಡು, ಸ್ವಾರಗೇಟಿಗೆ ಹೋಗಿ, ಸಾಸವಡದ ಎಸ್‌ಟಿ ಬಸ್ಸು ಹಿಡಿದರು. ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುವ ರೈಲಿನ ಮೊದಲ ಪ್ರಯಾಣಿಕ ದಿವೆ ಘಟ್ಟದಲ್ಲಿ ಒಂದು ಕಬ್ಬಿನ ಟ್ರಾಕ್ಟರಿನ ಹಿಂದೆ ನಡಿಗೆಯ ವೇಗದಲ್ಲಿ ಏರಿದ. ಬಸ್ಸು ಇಳಿದ ಮೇಲೆ ತೋಟಕ್ಕೆ ರಸ್ತೆ ಇರಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಉಳುಮೆಯ ಹೊಲ ದಾಟಿದರು. ತೋಟದ ಕಾವಲುಗಾರ ಎದ್ದು ಬಂದ.

“ಯಾರು ಬೇಕು?”

“ಯಾರೂ ಬೇಡ. ರೈಲಿಗೆ ಬಂದಿದ್ದೇನೆ.”

ಕಾವಲುಗಾರ ನಾಯಿಯನ್ನು ಕಟ್ಟಿಹಾಕಿದ. ಹುಚ್ಚರನ್ನು ಕಚ್ಚಿದರೆ ನಾಯಿಗೂ ತೊಂದರೆ ಎಂದು ಅವನಿಗೆ ಅನ್ನಿಸಿರಬೇಕು.

ಯೋಜನೆಯ ಪ್ರಕಾರ ಪ್ರಯಾಣಿಕರು ರೈಲು ಹೊರಡುವ ಮೊದಲು ತಪಾಸಣೆಗಾಗಿ ಇಪ್ಪತ್ತು ನಿಮಿಷ ನಿಲ್ಲಬೇಕಿತ್ತು. ಇನಾಮದಾರರು ಸೀತಾಫಲದ ಗಿಡಗಳ ನಡುವೆ ಬ್ಯಾಗು ಹಿಡಿದು ಇಪ್ಪತ್ತು ನಿಮಿಷ ನಿಂತರು. ಕೂತರೆ ಯಾರೂ ಕೇಳುತ್ತಿರಲಿಲ್ಲ, ಆದರೂ ಕೂಡಲಿಲ್ಲ. ಆಮೇಲೆ ರೈಲು ಹೊರಟಿತು. ಅಂದರೆ, ಅವರು ಗಡಿಯಾರ ನೋಡಿಕೊಂಡು ತಿರುಗಿ ಬಸ್ಸಿಗೆ ನಡೆದರು.

ಸಂಜೆ ಮನೆಗೆ ಬಂದಾಗ ಮಾಧುರಿ ಬಾಗಿಲಲ್ಲೇ ಕೇಳಿದಳು, “ಅಹಮದಾಬಾದ ಹೆಂಗಿತ್ರಿ? ಧೂಳಿ ಭಾಳ ಅನಸ್ತದ.”

ಮರುದಿನ ಚನ್ನವೀರನ ಅಳತೆ ಬಂದ ಮೇಲೆ ಲೆಕ್ಕ ಕೂಡಿಸಿದರು. ಘಟ್ಟ, ಟ್ರಾಕ್ಟರು, ಉಳುಮೆಯ ಹೊಲ, ಇಪ್ಪತ್ತು ನಿಮಿಷ, ಎಲ್ಲ ಸೇರಿಸಿದರೂ ರೈಲು ವಿಮಾನಕ್ಕಿಂತ ಮುಕ್ಕಾಲು ಗಂಟೆ ಮುಂಚೆ ಮುಟ್ಟಿತ್ತು. ಕಾರಿನ ಮಾತೇ ಬೇಡ. ಇನಾಮದಾರರು ಮತ್ತೊಮ್ಮೆ ಕೂಡಿಸಿದರು. ಮತ್ತೂ ಗೆದ್ದಿತ್ತು.

ಮುಂದಿನ ದಿನಗಳಲ್ಲಿ ಚನ್ನವೀರ ಅವರ ಟೇಬಲ್ಲಿನ ಸುತ್ತ ಸುಳಿದಾಡಿದ.

“ಸರ, ಆ ಪಂಕ್ಚರಿನ ಹೊತ್ತು ತಗೀರಿ. ದಿನಾ ಯಾರಿಗೆ ಪಂಕ್ಚರ್ ಆಗತದ್ರಿ?”

“ಆ ದಿನ ಆತಲ್ಲ?”

“ಆತು. ಆದ್ರ ಅದು ಲೆಕ್ಕಕ್ಕ ಬರಬಾರದ್ರಿ.”

“ಚನ್ನವೀರ, ಅಳದ ಮ್ಯಾಲ ಅಳತಿಗೋಲು ಕತ್ತರಸೂದು ವಿಜ್ಞಾನ ಅಲ್ಲಪಾ. ಅದು ಅಂಗಡಿ.”

ಚನ್ನವೀರ ಹೋದ. ಹೋಗುವಾಗ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಎಳೆದುಕೊಂಡ.

ಸಮಿತಿಯ ಸಭೆ ಪುಣೆಯಲ್ಲೇ ನಡೆಯಿತು. ಅಧ್ಯಕ್ಷರು ಮಧುಕರರಾವ್ ಖಾಸನೀಸ, ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ಈಗ ಸಮಿತಿಯಿಂದ ಸಮಿತಿಗೆ ಬದುಕುವವರು. ಎಡಬಲಕ್ಕೆ ನಾಲ್ಕು ಜನ ಸದಸ್ಯರು, ಮುಂದೆ ಗೋಡಂಬಿ. ಇನಾಮದಾರರು ಹೊಸ ಕೋಟು ಹಾಕಿಕೊಂಡು ಓದಿದರು. ಮೊದಲ ನಿಯಮ ಓದಿದಾಗ ಖಾಸನೀಸರು ತಲೆದೂಗಿದರು.

“ಸುಂದರ,” ಎಂದರು ಮರಾಠಿಯಲ್ಲಿ. “ಮೂವತ್ತು ವರ್ಷ ವರದಿ ಓದಿದ್ದೇನೆ. ಸಾಮಾನಿನ ಕಡೆಯಿಂದ ಪ್ರಯಾಣ ಅಳೆದವರನ್ನು ನೋಡಿರಲಿಲ್ಲ.”

ತೇಲಸಂಗ ಮೇಜಿನ ಕೆಳಗೆ ಇನಾಮದಾರರ ಕಾಲು ಒತ್ತಿದ. ಜಪಾನು ಹತ್ತಿರ ಬಂದಿತ್ತು.

ರೈಲು ಗೆದ್ದ ಪುಟ ಬಂತು. ಸದಸ್ಯರು ಗೋಡಂಬಿ ಬಿಟ್ಟು ಪೆನ್ನು ತೆಗೆದುಕೊಂಡರು. ಖಾಸನೀಸರು ಕನ್ನಡಕ ಏರಿಸಿ ಪ್ರಯೋಗದ ದಿನಾಂಕ ನೋಡಿ, ಸುಮ್ಮನೆ ಮಾತಿಗೆ ಕೇಳಿದರು. “ಬುಧವಾರ, ಉತ್ತರ ದಿಕ್ಕು. ನಮ್ಮ ಮನೆಯಲ್ಲಾದರೆ ಹೆಂಗಸರು ಬಿಡುತ್ತಿರಲಿಲ್ಲ. ನಿಮ್ಮಲ್ಲಿ ಯಾರೂ ಏನೂ ಅನ್ನಲಿಲ್ಲವೇ?”

ಇನಾಮದಾರರ ಮುಖ ಅರಳಿತು. ಇಷ್ಟು ದೊಡ್ಡ ಮನುಷ್ಯನ ಮನೆಯಲ್ಲೂ ಅದೇ ಪದ್ಧತಿ!

“ಬಿಡುತ್ತಾರೆಯೇ ಸರ್! ಪ್ರಸ್ಥಾನ ಇಟ್ಟೇ ಹೊರಟೆ.”

“ಭಲೆ!” ಎಂದರು ಖಾಸನೀಸರು.

ಸಭೆಯ ಕೊನೆಯ ಕುರ್ಚಿಯಲ್ಲಿದ್ದ ಚನ್ನವೀರ ಎದ್ದು ನಿಂತು ಇನಾಮದಾರರನ್ನು ಕನ್ನಡದಲ್ಲೇ ಕೇಳಿದ. ಅವನ ಧ್ವನಿ ಬಹಳ ವಿನಯದಿಂದಿತ್ತು.

“ಸರ, 'ಪ್ರಸ್ಥಾನ ಇಡೂದು' ಅಂದ್ರ, ಸಾಮಾನು ಹೊಸ್ತಿಲು ದಾಟತದಲ್ರಿ?”

ಕನ್ನಡ ಬಾರದ ಸದಸ್ಯರಿಗೆ ಪ್ರಾಚಿ ಮರಾಠಿಯಲ್ಲಿ ಹೇಳಿದಳು. ಹೇಳುವಾಗ ಅವಳೂ ನಗುತ್ತಿದ್ದಳು.

ಖಾಸನೀಸರು ಕನ್ನಡಕ ತೆಗೆದರು. ಇಷ್ಟು ವರ್ಷಗಳ ಸಮಿತಿಗಳಲ್ಲಿ ಇಂಥ ಸುಖ ಅವರಿಗೆ ಸಿಕ್ಕಿರಲಿಲ್ಲ. “ಯಾವಾಗ ಇಟ್ಟಿರಿ, ಇನಾಮದಾರ?”

“ಸೋಮವಾರ… ಸಂಜೆ.”

“ಬೇರೆ ಗಂಟೋ, ಅದೇ ಬ್ಯಾಗೋ?”

“ಅದೇ ಬ್ಯಾಗು.”

“ಯಾರು ಒಯ್ದರು?”

“ನಾನೇ.”

ನಗು ಎಲ್ಲಿಂದ ಶುರುವಾಯಿತೋ ಗೊತ್ತಾಗಲಿಲ್ಲ. ಮೇಜಿನ ಸುತ್ತ ಒಂದು ಸುತ್ತು ಬಂತು. ಮೊದಲ ನಿಯಮದ ಪ್ರಕಾರ ಅತಿವೇಗದ ರೈಲು ಪುಣೆಯಿಂದ ಅಹಮದಾಬಾದಿಗೆ ಸುಮಾರು ಎರಡು ದಿನ ತೆಗೆದುಕೊಂಡಿತ್ತು. ಸೈಕಲ್ಲಿನವನಾದರೂ ಸೂರತ್ತಿನವರೆಗೆ ಬಂದಿರುತ್ತಿದ್ದ ಎಂದ ಒಬ್ಬ ಸದಸ್ಯ.

“ಸಾಹೇಬ, ಅದು ದೇವರ ಕೆಲಸದ ಸಾಮಾನು, ಲೆಕ್ಕಕ್ಕಿಲ್ಲ!” ಎಂದು ತೇಲಸಂಗ ಎದ್ದ.

ಖಾಸನೀಸರು ಒಳ್ಳೆಯ ಮನಸ್ಸಿನವರು, ಜಪಾನು ಅವರಿಗೂ ಬೇಕಾಗಿತ್ತು. “ಇರಲಿ ಇರಲಿ. ಇನಾಮದಾರ, ನಿಯಮದ ಕೆಳಗೆ ಒಂದು ಸಾಲು ಸೇರಿಸಿ: ಪ್ರಸ್ಥಾನಕ್ಕಾಗಿ ಇಟ್ಟ ಸಾಮಾನು ಇದಕ್ಕೆ ಹೊರತು. ಮುಗಿಯಿತು. ಯಾರದೂ ತಕರಾರಿಲ್ಲವಲ್ಲ?”

ಯಾರದೂ ಇರಲಿಲ್ಲ. ತೇಲಸಂಗ ಬಗ್ಗಿ ಕಿವಿಯಲ್ಲಿ, “ಒಂದ ಸಾಲ್ರಿ ಸರ. ಬರೀರಿ. ಜಪಾನ ಐತಿ,” ಎಂದು ತನ್ನ ಪೆನ್ನನ್ನೇ ಕೈಗಿಟ್ಟ.

ಇನಾಮದಾರರು ಪೆನ್ನಿನ ಟೋಪಿ ತೆಗೆದರು. ಒಂದು ಸಾಲು. ತಪ್ಪು ಸಾಲೂ ಅಲ್ಲ. ಯಾವ ಬುದ್ಧಿವಂತನಾದರೂ ಒಪ್ಪುವ ಸಾಲು. ತಲೆ ಎತ್ತಿದರು. ಕೊನೆಯ ಕುರ್ಚಿಯ ಬಳಿ ನಿಂತೇ ಚನ್ನವೀರ ನೋಡುತ್ತಿದ್ದ. ಅವನು ನಗುತ್ತಿರಲಿಲ್ಲ. ಬರೆಯುತ್ತಾರೋ ಇಲ್ಲವೋ ಎಂದು ಸುಮ್ಮನೆ ಕಾಯುತ್ತಿದ್ದ.

ಅವರು ಟೋಪಿ ಹಾಕಿ ಪೆನ್ನನ್ನು ಹಿಂದಕ್ಕೆ ಕೊಟ್ಟರು.

“ಸರ್, ಆಗುವುದಿಲ್ಲ. ಇದನ್ನು ಬಿಟ್ಟರೆ ಅವನ ಪಂಕ್ಚರ್ ಬಿಡಬೇಕು. ಪಂಕ್ಚರ್ ಬಿಟ್ಟರೆ ಇವಳ ಬೆಲ್ಟು ಬಿಡಬೇಕು. ಅದೂ ಹೋದರೆ ಉಳಿಯುವುದು ಟೈಮ್‌ಟೇಬಲ್ಲು. ಸಾಮಾನು ಸೋಮವಾರ ದಾಟಿದ್ದು ನಿಜ. ನಿಯಮದ ಪ್ರಕಾರ ರೈಲು ಸೋತಿದೆ.”

“ಅಯ್ಯೋ ನಿಮ್ಮ!” ಎಂದ ತೇಲಸಂಗ, ಗಟ್ಟಿಯಾಗಿಯೇ.

ಖಾಸನೀಸರು ಮಾತ್ರ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಅನುಭವಿ ಮನುಷ್ಯ. ಒಂದು ಗೋಡಂಬಿ ಬಾಯಿಗೆ ಹಾಕಿಕೊಂಡು ಹೇಳಿದರು:

“ಇದು ಬಹಳ ಒಳ್ಳೆಯದಾಯಿತು. ಒಂದು ರೀತಿಯಿಂದ ನೋಡಿದರೆ ರೈಲು ಗೆದ್ದಿದೆ, ಇನ್ನೊಂದು ರೀತಿಯಿಂದ ಸೋತಿದೆ. ಅಂದರೆ ವಿಷಯ ಇತ್ಯರ್ಥವಾಗಿಲ್ಲ. ಇತ್ಯರ್ಥವಾಗದ ವಿಷಯಕ್ಕೆ ಹೆಚ್ಚಿನ ಅಧ್ಯಯನ ಬೇಕು. ಹೆಚ್ಚಿನ ಅಧ್ಯಯನಕ್ಕೆ ನಿಜವಾದ ರೈಲನ್ನು ನೋಡಬೇಕು. ಜಪಾನ್ ಪ್ರವಾಸ ಈಗ ಅನಿವಾರ್ಯ.”

ಸದಸ್ಯರು ಮೇಜು ಕುಟ್ಟಿದರು.

“ಆದರೆ ಅಷ್ಟರಲ್ಲಿ ಇಲ್ಲಿ ಅಳತೆ ಮತ್ತೆ ಆಗಬೇಕು. ಸರಿಯಾದ ಮನುಷ್ಯನಿಂದ ಆಗಬೇಕು. ಇನಾಮದಾರರಷ್ಟು ಕಟ್ಟುನಿಟ್ಟಿನವರು ನಮಗೆ ಬೇರೆ ಎಲ್ಲಿ ಸಿಕ್ಕಾರು? ಅವರು ಪುಣೆಯಲ್ಲೇ ಇರಲಿ. ಜೊತೆಗೆ ಈ ಹುಡುಗ ಬರಲಿ. ರಸ್ತೆಯ ದೃಷ್ಟಿಕೋನವೂ ಬೇಕಲ್ಲ?”

ಎಲ್ಲರೂ ತಿರುಗಿ ಚನ್ನವೀರನನ್ನು ನೋಡಿದರು. ಅವನು ಇನ್ನೂ ನಿಂತೇ ಇದ್ದ. ಈಗ ಕೂತ.

ಮನೆಯಲ್ಲಿ ಸುದ್ದಿ ಕೇಳಿ ರಂಗೂಬಾಯಿ ದೇವರಿಗೆ ತುಪ್ಪದ ದೀಪ ಹಚ್ಚಿದರು. “ಪ್ರಸ್ಥಾನ ಇಟ್ಟಿದ್ದು ಛೊಲೋ ಆತು ನೋಡು,” ಎಂದರು ಮಗನಿಗೆ. “ಅಷ್ಟು ದೂರ ಹೋಗೂದು ತಪ್ಪಿತು.” ಮಾಧುರಿ ಆ ದಿನ ಮಾತ್ರ ಏನೂ ಚೇಷ್ಟೆ ಮಾಡಲಿಲ್ಲ. ಸುಮ್ಮನೆ ಇನ್ನೊಂದು ಚಪಾತಿ ಹಾಕಿದಳು.

ಹೊರಡುವ ಹಿಂದಿನ ಸಂಜೆ ಚನ್ನವೀರ ಮನೆಗೆ ಬಂದ. ಕುರ್ಚಿಯ ತುದಿಗೆ ಕೂತು ಅವಲಕ್ಕಿ ತಿಂದ.

“ಸರ, ಸಿಟ್ಟ ಮಾಡ್ಕೋಬ್ಯಾಡ್ರಿ. ನಾ ನಿಮ್ಮನ್ನ ತಪ್ಪಸಬೇಕಂತ ಅಂದದ್ದಲ್ಲ. ನನಗ ಪಂಕ್ಚರಿನ ಸಿಟ್ಟಿತ್ತು.”

“ನೀ ಅಂದದ್ದು ಖರೇನ ಇತ್ತು. ಸಿಟ್ಟ ಯಾಕ?”

“ನಿಮಗೇನು ತರ್ಲಿ ಅಲ್ಲಿಂದ?”

ಇನಾಮದಾರರು ಎದ್ದು ಹೋಗಿ ಸ್ಟೀಲಿನ ಲೋಟದಲ್ಲಿ ಅಂಚಿನವರೆಗೆ ನೀರು ತುಂಬಿಸಿ ತಂದು ಅವನ ಮುಂದೆ ಇಟ್ಟರು. “ಇಷ್ಟು ತುಂಬಸು. ಗಾಡಿ ಪೂರ್ತಿ ವೇಗಕ್ಕ ಬಂದ ಮ್ಯಾಲ ಮುಂದಿನ ಹಲಗಿ ಮ್ಯಾಲ ಇಡು. ಚೆಲ್ಲೂದಿಲ್ಲ ಅಂತಾರ. ಚೆಲ್ಲತದೋ ಇಲ್ಲೋ, ಅಷ್ಟ ನೋಡ್ಕೊಂಡು ಬಾ. ಬ್ಯಾರೆ ಏನೂ ಬ್ಯಾಡ.”

“ಖಂಡಿತ ನೋಡ್ತೀನ್ರಿ.”

ಹತ್ತು ದಿನಗಳ ಮೇಲೆ ಅವನು ತಿರುಗಿ ಬಂದ. ರಂಗೂಬಾಯಿಗೆ ಒಂದು ಬೀಸಣಿಕೆ, ಮನೆಗೆ ಒಂದು ಡಬ್ಬಿ ಮಿಠಾಯಿ ತಂದಿದ್ದ. ಇನಾಮದಾರರು ಅವನು ಚಪ್ಪಲಿ ಬಿಡುವವರೆಗೂ ತಡೆಯಲಿಲ್ಲ.

“ನೀರು?”

ಚನ್ನವೀರ ಗೋಡೆ ನೋಡಿದ.

“ಸರ, ರೈಲು ಹತ್ತಲಿಲ್ರಿ.”

“ಅಂದ್ರ?”

“ಹೊತ್ತ ಸಿಗಲಿಲ್ರಿ. ಮೊದಲ ದಿನ ಸತ್ಕಾರ, ಮರುದಿನ ಖಾಸನೀಸ ಸಾಹೇಬರದು ಖರೀದಿ. ಒಂದೂರಿಂದ ಇನ್ನೊಂದೂರಿಗೆ ವಿಮಾನದ ತಿಕೀಟು ಮೊದಲ ತಗದಿದ್ರು, ಅದನ್ನ ಬಿಡಲಿಕ್ಕೆ ಆಗಲಿಲ್ಲ. ಕಡೀ ದಿನ ಮೋಟಾರದಾಗ ಸ್ಟೇಷನ್ನಿಗೆ ಒಯ್ದ್ರು. ಗಾಡಿ ನಿಂತಿತ್ತು. ಅದರ ಮುಂದ ಎಲ್ಲಾರೂ ನಿಂತು ಫೋಟೋ ತಗಸಿಕೊಂಡ್ವಿ. ಅದು ಹೋತು. ನಾವೂ ಬಂದ್ವಿ.”

“ನೀ ಒಬ್ಬನಾದ್ರೂ ಹತ್ತಬೇಕಿತ್ತಲ್ಲೋ.”

“ತಿಕೀಟಿಗೆ ಹೊಂಟಿದ್ದೆ. ತೇಲಸಂಗ ಸಾಹೇಬ್ರು ಬೈದ್ರು. ನೋಡಿದ್ಯಲ್ಲ, ಇನ್ನ ಕುಂತ್ರೇನು ಅಂದ್ರು.”

ಮರುದಿನ ಆಫೀಸಿನಲ್ಲಿ ತೇಲಸಂಗ ಇನಾಮದಾರರನ್ನು ಕರೆಸಿದ. ಗೋಡೆಗೆ ಆಗಲೇ ಫೋಟೋ ತೂಗುಹಾಕಿದ್ದ. ಬಿಳಿಯ ಉದ್ದ ಮೂಗಿನ ರೈಲು, ಅದರ ಮುಂದೆ ಸಮಿತಿ, ಸಮಿತಿಯ ಕೈಯಲ್ಲಿ ಖರೀದಿಯ ಚೀಲಗಳು.

“ಪ್ರವಾಸದ ವರದಿ ಆಗಬೇಕ್ರಿ ಸರ. ಉಳಿದದ್ದೆಲ್ಲಾ ಪ್ರಾಚಿ ಬರೀತಾಳ. ‘ಪ್ರಯಾಣದ ಅನುಭವ’ ಅಂತ ಒಂದು ಅಧ್ಯಾಯ ಐತಿ, ಅದನ್ನ ನೀವ ಬರೀರಿ. ಕುಂತ್ರ ಹೆಂಗಿರತೈತಿ, ಎಷ್ಟು ಆರಾಮ, ಎಲ್ಲಾ ಬಣ್ಣಿಸಿ ಬರೀರಿ. ಆ ರೈಲು ನಿಮ್ಮಷ್ಟು ಯಾರಿಗೆ ಗೊತ್ತೈತಿ?”

“ನಾ ಕುಂತಿಲ್ಲಲ್ರಿ.”

“ನಾವ್ ಯಾರು ಕುಂತೀವಿ? ಅದಕ್ಕಾಗೇ ಕೇಳಾಕತ್ತೀನಿ.”

ಇನಾಮದಾರರು ತಮ್ಮ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಅವರಿಗೆ ಬರೆಯಲು ಸಾಕಷ್ಟಿತ್ತು. ಕಿಟಕಿಯಾಚೆ ಹೊಲಗಳು ಹೇಗೆ ಗೆರೆಗಳಾಗುತ್ತವೆ, ಸುರಂಗದಲ್ಲಿ ಕಿವಿ ಹೇಗೆ ಮುಚ್ಚುತ್ತದೆ, ಎದುರಿನ ರೈಲು ಹಾಯ್ದಾಗ ಗಾಜು ಹೇಗೆ ಒಮ್ಮೆ ಉಸಿರು ಬಿಡುತ್ತದೆ. ಇಪ್ಪತ್ತು ವರ್ಷ ಇವನ್ನೆಲ್ಲ ಮನಸ್ಸಿನಲ್ಲಿ ಕೂತು ನೋಡಿದ್ದರು. ಒಂದು ಪುಟ ಬರೆದರು, ಎರಡನೆಯದನ್ನೂ ಬರೆದರು. ಓದಿ ನೋಡಿದರು. ಬಹಳ ಚೆನ್ನಾಗಿತ್ತು. ಎರಡನ್ನೂ ಹರಿದರು. ಆಮೇಲೆ ಅಧ್ಯಾಯದ ಹೆಸರಿನ ಕೆಳಗೆ ಎರಡು ವಾಕ್ಯ ಟೈಪು ಮಾಡಿದರು: ‘ಸಮಿತಿಯು ರೈಲನ್ನು ನಿಂತಾಗ ಹೊರಗಿನಿಂದ ನೋಡಿತು. ಓಡುವಾಗ ಒಳಗೆ ಕೂತರೆ ಹೇಗಿರುತ್ತದೆ ಎಂಬುದು ಸಮಿತಿಗೆ ತಿಳಿದಿಲ್ಲ.’

ತೇಲಸಂಗ ಓದಲಿಲ್ಲ. ಅಧ್ಯಾಯ ಇದೆಯೋ ಇಲ್ಲವೋ ಎಂದು ಮಾತ್ರ ನೋಡಿ ಕಳಿಸಿಬಿಟ್ಟ. ಆದರೆ ಖಾಸನೀಸರು ಓದಿದರು. ಮೂವತ್ತು ವರ್ಷ ವರದಿ ಓದಿದ ಕಣ್ಣು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಎರಡನೆಯ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದು, ಅಂಚಿನಲ್ಲಿ ಬರೆದರು: ‘ಅತ್ಯಂತ ಮಹತ್ವದ ಕೊರತೆ. ತುಂಬಲೇಬೇಕು.’

ಒಂದು ತಿಂಗಳ ಮೇಲೆ, ಭಾನುವಾರ ಮಧ್ಯಾಹ್ನ, ಮನೆಗೆ ತೇಲಸಂಗನ ಫೋನು ಬಂತು. ಅವನ ಸಂತೋಷ ಫೋನಿನಿಂದ ಹೊರಗೆ ಅಡಿಗೆಮನೆಯವರೆಗೆ ಕೇಳುತ್ತಿತ್ತು. ಇನಾಮದಾರರು ಬಹಳ ಹೊತ್ತು ಹೂಂ ಹೂಂ ಎಂದರು. ಕೊನೆಗೆ, “ಅಳತಿಗೆ ಇಲ್ಲಿ ಯಾರಿರತಾರ?” ಎಂದು ಕೇಳಿ, ಉತ್ತರ ಕೇಳಿಕೊಂಡು, ಫೋನು ಇಟ್ಟರು.

“ಏನಂತ್ರಿ?” ಮಾಧುರಿ ಕೈ ಒರೆಸುತ್ತ ಬಂದಳು.

“ಸಮಿತಿ ಫ್ರಾನ್ಸಕ್ಕ ಹೊಂಟದ.”

“ನೀವು?”

“ನಾ ಬರೆದ ವಾಕ್ಯ ಹೊಂಟದ,” ಎಂದು ಇನಾಮದಾರರು ಗೋಧಿಯ ಡಬ್ಬಿ ಎತ್ತಿಕೊಂಡು ಗಿರಣಿಗೆ ಹೋದರು.